ಆಟಕ್ಕುಂಟು ಲೆಕ್ಕಕ್ಕಿಲ್ಲ: ಚಿತ್ರಪುಸ್ತಕದಲ್ಲಿ ಸುಮ್ಮನೆ ನಿಂತ ಮಗು

ಮೂರನೇ ಕ್ಲಾಸಿನ ಮಗು ಊಟದ ತಟ್ಟೆ ಮುಂದೆ ಕೂತು 'ಅವರು ನನ್ನ ರೇಗಿಸ್ತಾರೆ' ಅಂದರೆ ಮನೆಯಲ್ಲಿ ಯಾರ ಕಿವಿಯೂ ನಿಮಿರುವುದಿಲ್ಲ. ರೇಗಿಸುವುದು ಅಂದರೆ ಏನು ಮಹಾ? ಸೋದರಮಾವನೂ ರೇಗಿಸುತ್ತಾನೆ, ಪಕ್ಕದ ಮನೆಯ ಅಜ್ಜನೂ ರೇಗಿಸುತ್ತಾರೆ. 'ನೀನೂ ರೇಗಿಸು, ಬಿಡಬೇಡ' ಎನ್ನುತ್ತಾ ತಟ್ಟೆಗೆ ಇನ್ನೊಂದು ಸೌಟು ಸಾರು ಬೀಳುತ್ತದೆ. ಮಾತು ಅಲ್ಲಿಗೆ ಮುಗಿಯಿತು.

ಬುಲ್ಲಿಯಿಂಗ್ ಎಂಬುದಕ್ಕೆ ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಚುಡಾಯಿಸುವುದು, ಪೀಡಿಸುವುದು, ಗೋಳು ಹೊಯ್ದುಕೊಳ್ಳುವುದು, ಧಾರವಾಡದ ಕಡೆ ಚ್ಯಾಷ್ಟಿ ಮಾಡುವುದು. ಆದರೆ ಇವುಗಳಲ್ಲಿ ಅರ್ಧಕ್ಕರ್ಧ ಪದಗಳನ್ನು ನಾವು ಪ್ರೀತಿಗೂ ಬಳಸುತ್ತೇವೆ. ಹೀಗಾಗಿ ಮಗುವಿನ ದೂರು ಬಾಯಿಂದ ಹೊರಬರುವಾಗಲೇ ಅರ್ಧ ತೂಕ ಕಳೆದುಕೊಂಡಿರುತ್ತದೆ. ಇದ್ದುದರಲ್ಲಿ 'ಕಾಟ' ಎಂಬ ಪದ ವಾಸಿ. ಕಾಟ ಎಂದೊಡನೆ ಅದು ದಿನಾ ನಡೆಯುವಂಥದ್ದು, ತಪ್ಪಿಸಿಕೊಳ್ಳಲಾಗದ್ದು ಎಂಬ ಅರ್ಥ ತಾನಾಗಿ ಬಂದು ಕೂರುತ್ತದೆ. ಈ ವಿಷಯದ ಅಧ್ಯಯನಕ್ಕೆ 1970ರ ದಶಕದಲ್ಲಿ ಅಡಿಪಾಯ ಹಾಕಿದ ಡಾನ್ ಓಲ್ವೇಯಸ್ ಹೇಳಿದ ಗುರುತುಗಳೂ ಹತ್ತಿರಹತ್ತಿರ ಅವೇ: ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ನೋಯುವವರು ಎದುರು ನಿಲ್ಲಲಾಗದಷ್ಟು ಬಲದ ವ್ಯತ್ಯಾಸ ಇರುವುದು. ಬೆಂಚಿನ ಮೇಲೆ ಪೆನ್ಸಿಲ್‌ಗಾಗಿ ಇಬ್ಬರು ಕಿತ್ತಾಡಿಕೊಂಡರೆ ಅದು ಜಗಳ. ನಾಲ್ವರು ಸೇರಿ ಒಬ್ಬಳ ಪೆನ್ಸಿಲ್ ಡಬ್ಬಿಯನ್ನು ದಿನಾ ಬಚ್ಚಿಟ್ಟರೆ ಕಾಟ.

ಈ ವಿಷಯಕ್ಕೆಂದು ಚಿತ್ರಪುಸ್ತಕ ಹುಡುಕುವವರು ಸಾಮಾನ್ಯವಾಗಿ ಕೇಳುವುದು, ನಮ್ಮ ಮಗುವಿಗೆ ಧೈರ್ಯ ಕಲಿಸುವ ಪುಸ್ತಕ ಯಾವುದಿದೆ ಎಂದು. ಕೇಳಬೇಕಾದದ್ದು ಬೇರೆ ಎಂಬುದು ನನ್ನ ವಾದ. ಕಾಟ ಕೊಡುವ ಮಗು ಒಂದು, ಅನುಭವಿಸುವ ಮಗು ಇನ್ನೊಂದು. ಪುಸ್ತಕದಿಂದ ಹೆಚ್ಚು ಕೆಲಸ ಆಗುವುದು ಮೂರನೆಯ ಮಗುವಿನ ಮೇಲೆ, ಸುತ್ತ ನಿಂತು ನೋಡುತ್ತಿರುವ ಮಗುವಿನ ಮೇಲೆ.

ಇದು ಬರೀ ಅನಿಸಿಕೆಯಲ್ಲ. ಕೆನಡಾದ ಟೊರಾಂಟೊದಲ್ಲಿ ಸಂಶೋಧಕರು ಶಾಲೆಯ ಆಟದ ಬಯಲಿಗೆ ಕ್ಯಾಮೆರಾ ಇಟ್ಟು, ಮಕ್ಕಳಿಗೆ ಮೈಕ್ ಸಿಕ್ಕಿಸಿ, ನಡೆದದ್ದನ್ನೆಲ್ಲ ದಾಖಲು ಮಾಡಿದರು. 2001ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಕಾಟದ ಶೇ 88ರಷ್ಟು ಪ್ರಸಂಗಗಳಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಯಾರಾದರೂ ನಡುವೆ ಬಂದದ್ದು ಶೇ 19ರಲ್ಲಿ ಮಾತ್ರ. ಆದರೆ ಹಾಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ, ಶೇ 57ರಷ್ಟು, ಕಾಟ ಹತ್ತೇ ಸೆಕೆಂಡಿನೊಳಗೆ ನಿಂತಿತು. ಹತ್ತು ಸೆಕೆಂಡು ಅಂದರೆ ಶೂ ಲೇಸ್ ಕಟ್ಟುವಷ್ಟೂ ಹೊತ್ತಲ್ಲ. ಫಿನ್ಲೆಂಡಿನ ಕ್ರಿಸ್ಟೀನಾ ಸಾಲ್ಮಿವಾಲಿ 1996ರಲ್ಲೇ ಈ ನೋಡುವ ಗುಂಪನ್ನು ಬಿಡಿಸಿ ತೋರಿಸಿದ್ದರು. ಕಾಟ ಕೊಡುವವನಿಗೆ ಕೈಜೋಡಿಸುವವರು, ಪಕ್ಕದಲ್ಲಿ ನಿಂತು ನಕ್ಕು ಹುರಿದುಂಬಿಸುವವರು, ನಮಗ್ಯಾಕೆ ಎಂದು ಸರಿದು ಹೋಗುವವರು, ಪರವಾಗಿ ನಿಲ್ಲುವವರು. ಆ ದೇಶದ ಶಾಲೆಗಳಲ್ಲಿ 2009ರಿಂದ ಹರಡಿದ, ಕಾಟ ತಡೆಯುವ 'ಕಿವಾ' ಕಾರ್ಯಕ್ರಮ ನಿಂತಿರುವುದೇ ಈ ನೋಟದ ಮೇಲೆ.

ಈಗ ಪುಸ್ತಕಗಳಿಗೆ ಬರೋಣ.

ಈ ಬಗೆಯ ಚಿತ್ರಪುಸ್ತಕಗಳಲ್ಲಿ ಹಳೆಯದೂ ನನ್ನ ಮಟ್ಟಿಗೆ ಇನ್ನೂ ದೊಡ್ಡದೂ ಆದದ್ದು ತಾರೋ ಯಾಶಿಮಾ ಬರೆದು ಚಿತ್ರಿಸಿದ 'ಕ್ರೋ ಬಾಯ್', 1955ರದ್ದು. ಜಪಾನಿನ ಒಂದು ಹಳ್ಳಿ ಶಾಲೆ. ಮೊದಲ ದಿನವೇ ಒಬ್ಬ ಹುಡುಗ ಕಾಣೆ. ಹುಡುಕಿದರೆ ಶಾಲೆಯ ನೆಲಗಟ್ಟಿನ ಕೆಳಗಿನ ಕತ್ತಲಲ್ಲಿ ಅವಿತು ಕೂತಿದ್ದಾನೆ. ಅವನನ್ನು ಚಿಬಿ ಎಂದು ಕರೆಯುತ್ತಾರೆ, ಅಂದರೆ ಪುಟಾಣಿ. ಮೇಷ್ಟ್ರೆಂದರೆ ಅವನಿಗೆ ಭಯ, ಮಕ್ಕಳೆಂದರೂ ಭಯ. ಮುಂದಿನ ಪುಟಗಳಲ್ಲಿ ಯಾಶಿಮಾ ಮಾಡುವ ಕೆಲಸ ನೋಡಬೇಕು. ಯಾರೂ ಅವನಿಗೆ ಹೊಡೆಯುವುದಿಲ್ಲ. ಒಂಟಿ ಮಗು ಹೊತ್ತು ಕಳೆಯುವುದು ಹೇಗೆ ಎಂದು ಮಾತ್ರ ಚಿತ್ರಗಳು ತೋರಿಸುತ್ತವೆ: ಚಾವಣಿಯನ್ನೇ ದಿಟ್ಟಿಸುತ್ತಾನೆ, ಡೆಸ್ಕಿನ ಮರದ ಗೆರೆಗಳನ್ನು ನೋಡುತ್ತಾನೆ, ಮುಂದೆ ಕೂತ ಹುಡುಗನ ಅಂಗಿಯ ಭುಜಕ್ಕೆ ಹಾಕಿದ ತೇಪೆಯನ್ನು ನೋಡುತ್ತಾನೆ. ಹುಲ್ಲಿನಿಂದ ಹೆಣೆದ ಕೊಪ್ಪೆಯಂಥದ್ದನ್ನು ಹೊದ್ದು ಮಳೆಯಲ್ಲೂ ಬರುತ್ತಾನೆ, ಮೂಲಂಗಿ ಎಲೆಯಲ್ಲಿ ಸುತ್ತಿದ ಅನ್ನದುಂಡೆ ತರುತ್ತಾನೆ. ಐದು ವರ್ಷ ಹೀಗೇ ಹೋಗುತ್ತದೆ.

ಆರನೇ ವರ್ಷ ಇಸೋಬೆ ಎಂಬ ಹೊಸ ಮೇಷ್ಟ್ರು ಬರುತ್ತಾರೆ. ಮಕ್ಕಳನ್ನು ಶಾಲೆಯ ಹಿಂದಿನ ಗುಡ್ಡಕ್ಕೆ ಕರೆದೊಯ್ದಾಗ ಕಾಡುದ್ರಾಕ್ಷಿ ಎಲ್ಲಿ, ಕಾಡುಗೆಡ್ಡೆ ಎಲ್ಲಿ ಎಂದು ಚಿಬಿಗೆ ಎಲ್ಲ ಗೊತ್ತು ಎಂಬುದು ಅವರ ಕಣ್ಣಿಗೆ ಬೀಳುತ್ತದೆ. ಅವನ ಚಿತ್ರಗಳನ್ನು ಗೋಡೆಗೆ ಅಂಟಿಸುತ್ತಾರೆ. ಶಾಲೆಯ ಕಾರ್ಯಕ್ರಮದಲ್ಲಿ ಚಿಬಿ ವೇದಿಕೆ ಹತ್ತಿ ಕಾಗೆಗಳ ದನಿ ಮಾಡುತ್ತಾನೆ: ಮರಿ ಕಾಗೆ, ತಾಯಿ ಕಾಗೆ, ತಂದೆ ಕಾಗೆ, ಬೆಳಗಿನ ಕಾಗೆ, ದುಃಖದ ಕಾಗೆ. ಆ ದನಿಗಳನ್ನು ಕೇಳುತ್ತಾ ಅವನು ದಿನಾ ಬೆಳಕು ಹರಿಯುವಾಗ ಮನೆ ಬಿಟ್ಟು, ಸಂಜೆ ಸೂರ್ಯ ಮುಳುಗುವಾಗ ಮನೆ ಮುಟ್ಟುತ್ತಿದ್ದ, ಆರು ವರ್ಷ, ಎಂದು ಮೇಷ್ಟ್ರು ವಿವರಿಸುತ್ತಾರೆ. ಎಲ್ಲರ ಕಣ್ಣಲ್ಲೂ ನೀರು.

ಈ ಪುಸ್ತಕದ ಗುಟ್ಟಿರುವುದು ಕಥೆ ಹೇಳುವವರಲ್ಲಿ. ಹೇಳುವುದು ಚಿಬಿ ಅಲ್ಲ, ಮೇಷ್ಟ್ರೂ ಅಲ್ಲ. 'ನಾವು' ಹೇಳುತ್ತೇವೆ, ಅಂದರೆ ಅವನ ಕ್ಲಾಸಿನ ಮಕ್ಕಳು, ಐದು ವರ್ಷ ಅವನನ್ನು ಕಂಡೂ ಕಾಣದಂತೆ ಇದ್ದವರು. ಓದುವ ಮಗು ತನಗೆ ಅರಿವಿಲ್ಲದೆಯೇ ಆ 'ನಾವು' ಒಳಗೆ ಕೂತುಬಿಟ್ಟಿರುತ್ತದೆ. ಕನ್ನಡದಲ್ಲಿ ಹೇಳುವಾಗ ಈ 'ನಾವು' ಜಾರಿ 'ಅವರು' ಆದರೆ ಪುಸ್ತಕ ಕೈತಪ್ಪಿತು ಅಂತಲೇ ಲೆಕ್ಕ. ಒಂದು ತಕರಾರೂ ಇದೆ. ಚಿಬಿಗೆ ಕಾಗೆ ದನಿ ಬರದೇ ಇದ್ದಿದ್ದರೆ? ಪ್ರತಿಭೆ ತೋರಿಸಿದ ಮೇಲೇ ಮರ್ಯಾದೆ ಎನ್ನುವುದು ಮಕ್ಕಳಿಗೆ ತಪ್ಪು ಪಾಠವಾಗಬಹುದು. ಕೊನೆಯ ಓದಾದ ಮೇಲೆ ಇದನ್ನೇ ಪ್ರಶ್ನೆಯಾಗಿ ಕೇಳಬಹುದು. ಮಕ್ಕಳು ಚೆನ್ನಾಗಿಯೇ ವಾದ ಮಾಡುತ್ತಾರೆ.

ಟ್ರೂಡಿ ಲಡ್ವಿಗ್ ಬರೆದು ಪ್ಯಾಟ್ರಿಸ್ ಬಾರ್ಟನ್ ಚಿತ್ರಿಸಿದ 'ದಿ ಇನ್ವಿಸಿಬಲ್ ಬಾಯ್' (2013) ಇದೇ ಸಂಗತಿಯನ್ನು ಬಣ್ಣದಲ್ಲಿ ಹೇಳುತ್ತದೆ. ಬ್ರಯನ್ ಎಂಬ ಹುಡುಗನನ್ನು ಬಿಟ್ಟು ಎಲ್ಲರಿಗೂ ಬಣ್ಣವಿದೆ, ಅವನಿಗೆ ಮಾತ್ರ ಪೆನ್ಸಿಲ್ಲಿನ ಬೂದು. ಹೊಸದಾಗಿ ಸೇರಿದ ಜಸ್ಟಿನ್ ಊಟಕ್ಕೆ ತಂದದ್ದನ್ನು ನೋಡಿ ಮಕ್ಕಳು ನಕ್ಕಾಗ ಬ್ರಯನ್ ಅವನಿಗೊಂದು ಚೀಟಿ ಬರೆಯುತ್ತಾನೆ. ಅಲ್ಲಿಂದ ಮುಂದೆ ಪುಟಪುಟಕ್ಕೂ ಅವನ ಮೈಗೆ ಚೂರುಚೂರೇ ಬಣ್ಣ ಹತ್ತುತ್ತದೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಬೇಡಿ. ನಾಲ್ಕನೇ ಅಥವಾ ಐದನೇ ಪುಟಕ್ಕೆ ಯಾರಾದರೊಬ್ಬರು ಕಂಡುಹಿಡಿದು ಕೂಗುತ್ತಾರೆ.

ಈ ಪುಸ್ತಕಕ್ಕೆ ನಮ್ಮಲ್ಲಿ ಒಂದು ನುಡಿಗಟ್ಟು ಕಾದೇ ಕೂತಿದೆ: ಆಟಕ್ಕುಂಟು ಲೆಕ್ಕಕ್ಕಿಲ್ಲ. ಮೂಲದಲ್ಲಿ ಅದೊಂದು ಅಕ್ಕರೆಯ ನಿಯಮ. ಕಣ್ಣಾಮುಚ್ಚಾಲೆಯಲ್ಲಿ ಮೂರು ವರ್ಷದ ತಮ್ಮ ಜೊತೆಗೆ ಓಡಬಹುದು, ಸಿಕ್ಕಿಬಿದ್ದರೂ ಔಟಲ್ಲ. ಅದೇ ನಿಯಮವನ್ನು ಓರಗೆಯ ಮಗುವಿಗೆ, ಅದು ಬೇಡವೆಂದರೂ, ದಿನಾ ಅಂಟಿಸಿದರೆ? ಬೈಗುಳವಿಲ್ಲ, ಏಟಿಲ್ಲ, ಮೇಷ್ಟ್ರಿಗೆ ದೂರು ಕೊಡಲು ಹಿಡಿದು ತೋರಿಸುವಂಥದ್ದು ಏನೂ ಇಲ್ಲ. 'ಠೂ ಬಿಡುವುದು' ಕೂಡ ಹೀಗೇ. ಇಬ್ಬರ ನಡುವೆ ಠೂ ಬಿಟ್ಟರೆ ಸಂಜೆಯೊಳಗೆ ಸರಿಹೋಗುತ್ತದೆ. ಇಡೀ ಕ್ಲಾಸೇ ಒಬ್ಬಳ ಜೊತೆ ಠೂ ಬಿಟ್ಟರೆ ಅದು ಬಹಿಷ್ಕಾರ. ಜಸ್ಟಿನ್‌ನ ಊಟ ನೋಡಿ ನಗುವ ಪುಟಕ್ಕೆ ಬಂದಾಗಲೂ ನಮ್ಮಲ್ಲಿ ಇನ್ನೊಂದು ಪದರ ಇದೆ ಎಂಬುದನ್ನು ಓದುವವರು ಮರೆಯಬಾರದು. ಇಲ್ಲಿ ಊಟದ ವಾಸನೆಯ ಮಾತಿನ ಹಿಂದೆ ಬಹಳ ಸಲ ಜಾತಿ ನಿಂತಿರುತ್ತದೆ. ಮಗುವಿಗೆ ಆ ಮಾತು ಶಾಲೆಯಲ್ಲಿ ಹುಟ್ಟಿದ್ದಲ್ಲ, ಮನೆಯಿಂದ ಬಂದದ್ದು. ಅದನ್ನು ಕಥೆಪುಸ್ತಕದ ಮೇಲೆ ಹೊರಿಸಿ ದೊಡ್ಡವರು ಕೈತೊಳೆದುಕೊಳ್ಳುವ ಹಾಗಿಲ್ಲ.

ಜಾಕ್ಲಿನ್ ವುಡ್ಸನ್ ಅವರ 'ಈಚ್ ಕೈಂಡ್‌ನೆಸ್' (2012) ಇನ್ನೂ ಕಠಿಣ. ಯಾರೋ ಹಾಕಿಬಿಟ್ಟ ಬಟ್ಟೆ ತೊಟ್ಟು ಬರುವ ಮಾಯಾ ಎಂಬ ಹೊಸ ಹುಡುಗಿ, ಅವಳಿಗೆ ಮುಖ ತಿರುಗಿಸುವ ಕ್ಲೋಯಿ. ಕಥೆ ಹೇಳುವವಳು ಕ್ಲೋಯಿಯೇ. ಒಂದು ದಿನ ಟೀಚರ್ ನೀರಿನ ಬೋಗುಣಿಗೆ ಕಲ್ಲು ಹಾಕಿ ಅಲೆ ತೋರಿಸುತ್ತಾರೆ, ಪ್ರತಿ ಮಗುವೂ ತಾನು ಮಾಡಿದ ಒಂದು ಒಳ್ಳೆಯ ಕೆಲಸ ಹೇಳಿ ಕಲ್ಲು ಹಾಕಬೇಕು. ಕ್ಲೋಯಿಗೆ ಏನೂ ತೋಚುವುದಿಲ್ಲ. ಅಷ್ಟರಲ್ಲಿ ಮಾಯಾ ಆ ಊರನ್ನೇ ಬಿಟ್ಟು ಹೋಗಿರುತ್ತಾಳೆ. ಕ್ಷಮೆ ಇಲ್ಲ, ಅಪ್ಪುಗೆ ಇಲ್ಲ, ಪುಸ್ತಕ ಮುಗಿದೇ ಹೋಯಿತು. ಏಳು ವರ್ಷಕ್ಕಿಂತ ಚಿಕ್ಕವರಿಗೆ ಇದು ಭಾರವಾಗಬಹುದು. ಎಂಟು ಒಂಬತ್ತರ ಮಕ್ಕಳಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಓದಿದ ಮೇಲೆ 'ಪರವಾಗಿಲ್ಲ, ಮಾಯಾ ವಾಪಸ್ ಬಂದಳಂತೆ' ಎಂದು ಬಾಲ ಸೇರಿಸುವ ಅಜ್ಜಿಯರಿದ್ದಾರೆ, ದಯವಿಟ್ಟು ಬೇಡ.

ಇಂಗ್ಲಿಷ್ ಪುಸ್ತಕ ಕನ್ನಡದ ಮನೆಗೆ ಹೇಗೆ ಎಂದು ಕೇಳುವವರಿಗೆ ಕೆರಾಸ್ಕೊಯೆಟ್ ಎಂಬ ಹೆಸರಿನಲ್ಲಿ ಚಿತ್ರ ಬರೆಯುವ ಫ್ರೆಂಚ್ ದಂಪತಿಯ 'ಐ ವಾಕ್ ವಿತ್ ವೆನೆಸಾ' (2018) ಇದೆ. ಒಳಗೆ ಕಥೆಗೆ ಒಂದು ಅಕ್ಷರವೂ ಇಲ್ಲ, ಬರೀ ಚಿತ್ರ. ಹೊಸ ಹುಡುಗಿಗೆ ಒಬ್ಬ ಹುಡುಗ ಏನೋ ಅನ್ನುತ್ತಾನೆ, ಅವಳು ಅಳುತ್ತಾ ಮನೆಗೆ ಓಡುತ್ತಾಳೆ. ಅದನ್ನು ನೋಡಿದ ಇನ್ನೊಬ್ಬಳಿಗೆ ಆ ರಾತ್ರಿ ನಿದ್ದೆ ಬರುವುದಿಲ್ಲ. ಬೆಳಿಗ್ಗೆ ಎದ್ದು ಅವಳ ಮನೆ ಬಾಗಿಲಿಗೆ ಹೋಗುತ್ತಾಳೆ, ಇಬ್ಬರೂ ಜೊತೆಯಾಗಿ ಶಾಲೆಗೆ ನಡೆಯುತ್ತಾರೆ. ದಾರಿಯಲ್ಲಿ ಒಬ್ಬೊಬ್ಬರೇ ಬಂದು ಸೇರುತ್ತಾರೆ. ಕನ್ನಡ, ತುಳು, ಕೊಡವ, ಉರ್ದು, ಯಾವ ಮನೆಮಾತಿನಲ್ಲಿ ಬೇಕಾದರೂ ಹೇಳಬಹುದು. ಆ ಹುಡುಗ ಏನಂದ ಎಂಬುದೂ ಪುಸ್ತಕದಲ್ಲಿಲ್ಲ. ಪ್ರತಿ ಮಗುವೂ ತನಗೆ ತಗುಲಿದ ಮಾತನ್ನೇ ಅಲ್ಲಿ ತುಂಬಿಕೊಳ್ಳುತ್ತದೆ. ಆ ಪುಟದಲ್ಲಿ 'ಅವನು ಏನು ಹೇಳಿರಬಹುದು?' ಎಂದು ಕೇಳಿ ಸುಮ್ಮನಾದರೆ, ನಿಮ್ಮ ಮಗುವಿನ ಕ್ಲಾಸಿನಲ್ಲಿ ಏನು ನಡೆಯುತ್ತಿದೆ ಎಂಬುದರ ಸುಳಿವು ಸಿಗುವ ಸಾಧ್ಯತೆ ಜಾಸ್ತಿ.

ಇನ್ನು ನಮ್ಮ ಕಥೆಗಳು. ಪಂಚತಂತ್ರದ ಮೊಲ ಸಿಂಹವನ್ನು ಬಾವಿಗೆ ಬೀಳಿಸುತ್ತದೆ. ಗೋವಿನ ಹಾಡಿನ ಪುಣ್ಯಕೋಟಿ ಕೊಟ್ಟ ಮಾತಿಗೆ ತಪ್ಪದೆ ವಾಪಸ್ ಬಂದಾಗ ಹುಲಿ ಅರ್ಬುತ ಪಶ್ಚಾತ್ತಾಪದಿಂದ ತಾನೇ ಪ್ರಾಣ ಬಿಡುತ್ತದೆ. ಎರಡೂ ನಮ್ಮ ಆಸ್ತಿ, ಮಕ್ಕಳು ಕೇಳಿಯೇ ಬೆಳೆಯಬೇಕು. ಆದರೆ ಕಾಟಕ್ಕೆ ಸಿಕ್ಕ ಮಗುವಿಗೆ ಇವನ್ನು ಮದ್ದಾಗಿ ಕೊಡಬೇಡಿ. ಒಂದು 'ನೀನು ಜಾಣನಾಗು' ಅನ್ನುತ್ತದೆ, ಇನ್ನೊಂದು 'ನೀನು ಒಳ್ಳೆಯವಳಾಗಿರು, ಹುಲಿ ಕರಗುತ್ತದೆ' ಅನ್ನುತ್ತದೆ. ಎರಡರಲ್ಲೂ ಭಾರ ಬೀಳುವುದು ನೋಯುತ್ತಿರುವವರ ಹೆಗಲಿಗೇ. ಶಾಲೆಯ ಹುಲಿಗಳು ಸಾಮಾನ್ಯವಾಗಿ ಕರಗುವುದಿಲ್ಲ, ಸುತ್ತಲಿನ ನಗು ನಿಂತಾಗ ಬೇಜಾರಾಗಿ ಬಿಟ್ಟುಬಿಡುತ್ತವೆ. ಪುಣ್ಯಕೋಟಿಯನ್ನೇ ಹೇಳುವುದಾದರೆ ಕೊಟ್ಟಿಗೆಯ ಉಳಿದ ಹಸುಗಳ ಕಡೆ ಮಕ್ಕಳ ಗಮನ ತಿರುಗಿಸಿ. ಒಬ್ಬಳೇ ಯಾಕೆ ಹೋದಳು, ಅಷ್ಟು ಜನ ಇದ್ದರಲ್ಲ?

ಪ್ರಾಣಿ ಪಾತ್ರವೋ ಮನುಷ್ಯ ಪಾತ್ರವೋ ಎಂಬುದಕ್ಕೂ ಒಂದು ಪುರಾವೆ ಇದೆ. ಟೊರಾಂಟೊದಲ್ಲೇ ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಹಂಚಿಕೊಳ್ಳುವುದರ ಬಗ್ಗೆ ಒಂದೇ ಕಥೆಯನ್ನು ಎರಡು ಬಗೆಯಲ್ಲಿ ಓದಿದರು, ಒಮ್ಮೆ ಬಟ್ಟೆ ತೊಟ್ಟ ಪ್ರಾಣಿಗಳು, ಒಮ್ಮೆ ಮಕ್ಕಳು. ಆಮೇಲೆ ಕೈಗೆ ಹತ್ತು ಸ್ಟಿಕರ್ ಕೊಟ್ಟು ಎಷ್ಟು ಹಂಚುತ್ತಾರೆ ಎಂದು ನೋಡಿದರೆ, ಹೆಚ್ಚು ಹಂಚಿದ್ದು ಮಕ್ಕಳಿರುವ ಕಥೆ ಕೇಳಿದವರು. 2014ರ ಇನ್ನೊಂದು ಅಧ್ಯಯನ ಸುಳ್ಳಿನ ಕುರಿತದ್ದು. ಸುಳ್ಳಿಗೆ ಶಿಕ್ಷೆಯಾಗುವ ಕಥೆಗಳಿಂದ ಮಕ್ಕಳು ಸುಳ್ಳು ಹೇಳುವುದು ಕಡಿಮೆಯಾಗಲಿಲ್ಲ, ನಿಜ ಹೇಳಿ ಮೆಚ್ಚುಗೆ ಪಡೆದ ಹುಡುಗನ ಕಥೆಯಿಂದ ಕಡಿಮೆಯಾಯಿತು. ಕಾಟ ಕೊಟ್ಟವನು ಕೊನೆಯ ಪುಟದಲ್ಲಿ ಕೆಸರಿಗೆ ಬೀಳುವ ಪುಸ್ತಕಗಳು ಮಕ್ಕಳನ್ನು ನಗಿಸುತ್ತವೆ, ಅಷ್ಟೇ. ಹಾಗೆಂದು ಪ್ರಾಣಿಕಥೆ ಬೇಡ ಅಂತಲ್ಲ. ಗಾಯ ಹಸಿಯಾಗಿರುವ ಮಗುವಿಗೆ ಸ್ವಲ್ಪ ದೂರ ಬೇಕಾಗುತ್ತದೆ, ಆಗ ಇಲಿಯೋ ಆನೆಯೋ ಇದ್ದರೇ ಒಳ್ಳೆಯದು. ಇಡೀ ಕ್ಲಾಸಿಗೆ ಓದುವಾಗ ಮನುಷ್ಯ ಮಕ್ಕಳಿರಲಿ.

ಓದುವ ಬಗೆಗೆ ಬಂದರೆ, ಎಲ್ಲಕ್ಕಿಂತ ಹೆಚ್ಚು ಕೆಡುವುದು ಸಮಯದ ಆಯ್ಕೆಯಲ್ಲಿ. ಬೆಳಿಗ್ಗೆ ಏನೋ ನಡೆದು ಮಧ್ಯಾಹ್ನ ಟೀಚರ್ ಈ ಪುಸ್ತಕ ಹಿಡಿದು ಬಂದರೆ ಮೂವತ್ತು ತಲೆಗಳೂ ಒಂದೇ ಮಗುವಿನ ಕಡೆ ತಿರುಗುತ್ತವೆ. ಒಂದೆರಡು ವಾರ ಬಿಟ್ಟು, ಬೇರೆ ಪುಸ್ತಕಗಳ ಸಾಲಿನಲ್ಲಿ ಇದನ್ನೂ ಸೇರಿಸಿ ಓದಬೇಕು. ಪುಸ್ತಕವನ್ನು ಎದೆಯ ಎತ್ತರದಲ್ಲಿ ಪಕ್ಕಕ್ಕೆ ಹಿಡಿದು, ಮಕ್ಕಳನ್ನು ಅರ್ಧಚಂದ್ರಾಕಾರವಾಗಿ ಕೂರಿಸಿದರೆ ಹದಿನೈದು ಇಪ್ಪತ್ತು ಮಂದಿಗೆ ಚಿತ್ರ ಕಾಣುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಎರಡು ಗುಂಪು ಮಾಡಿ. ಈ ಪುಸ್ತಕಗಳಲ್ಲಿ ಮುಖ್ಯ ಪಾತ್ರದ ಮುಖಭಾವ ಕಾಣದಿದ್ದರೆ ಓದಿಯೂ ಪ್ರಯೋಜನವಿಲ್ಲ. ಇಂಗ್ಲಿಷ್ ಪುಸ್ತಕವಾದರೆ ಕನ್ನಡ ಸಾಲುಗಳನ್ನು ಮೊದಲೇ ಬರೆದು ಪ್ರತಿ ಪುಟದ ಹಿಂಬದಿಗೆ ಸಣ್ಣ ಚೀಟಿಯಾಗಿ ಸಿಕ್ಕಿಸಿಕೊಳ್ಳಿ. ಅಲ್ಲೇ ಅನುವಾದಿಸುತ್ತಾ ಹೋದರೆ ಕಣ್ಣು ಅಕ್ಷರದ ಮೇಲಿರುತ್ತದೆ, ಮಕ್ಕಳ ಮೇಲಿರುವುದಿಲ್ಲ.

ಒಂದೇ ವಾರದಲ್ಲಿ ಮೂರು ಸಲ ಓದುವುದು ಒಳ್ಳೆಯದು. ಮೊದಲ ಸಲ ಪ್ರಶ್ನೆಯೇ ಬೇಡ, ಹತ್ತು ಹನ್ನೆರಡು ನಿಮಿಷದಲ್ಲಿ ಓದಿ ಮುಚ್ಚಿಬಿಡಿ. ಎರಡನೇ ಸಲ ಒಂದೇ ಪ್ರಶ್ನೆ, ಪುಟಪುಟಕ್ಕೂ: 'ಈ ಚಿತ್ರದಲ್ಲಿ ಯಾರ್ಯಾರು ನೋಡ್ತಾ ನಿಂತಿದ್ದಾರೆ?' ಬೆರಳಿಟ್ಟು ಎಣಿಸಲಿ. ಕಾಟ ಕೊಡುವವನು ಒಬ್ಬ, ನೋಡುವವರು ಆರು ಎಂದು ಎಣಿಸಿ ಹೇಳುವ ಮಗುವಿಗೆ ಬೇರೆ ಉಪದೇಶ ಬೇಕಿಲ್ಲ. ಮೂರನೇ ಸಲ ಆ ಆರು ಮಂದಿಗೆ ಮಾತು ಕೊಡಿ.

ಇಲ್ಲಿ ದೊಡ್ಡವರು ಮಾಡುವ ತಪ್ಪು ಎಂದರೆ ವೀರಾವೇಶದ ಮಾತು ಕಲಿಸುವುದು. 'ನೀನು ಮಾಡುತ್ತಿರುವುದು ತಪ್ಪು, ಇದನ್ನು ಈಗಲೇ ನಿಲ್ಲಿಸು' ಎಂದು ಎಂಟು ವರ್ಷದ ಮಗು ಯಾವ ಮೈದಾನದಲ್ಲೂ ಹೇಳಲಾರದು. ಹೇಳಿದರೆ ನಗೆಪಾಟಲು. ಬಾಯಿಗೆ ಬರುವಂಥದ್ದು ಬೇಕು. 'ಏ, ಸಾಕು ಬಿಡೋ.' 'ಅವಳ ಹೆಸರು ಅದಲ್ಲ ಕಣೇ.' 'ಬಾರೋ, ನಮ್ ಟೀಮಿಗೆ ಒಬ್ರು ಕಮ್ಮಿ ಇದ್ದಾರೆ.' ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ನೆಪದ ಮಾತು: 'ಟೀಚರ್ ನಿನ್ನ ಕರೀತಿದ್ದಾರೆ, ಬಾ' ಎಂದು ಕೈ ಹಿಡಿದು ಕರೆದುಕೊಂಡು ಹೋಗುವುದು. ಎದುರು ನಿಲ್ಲುವುದೇ ಬೇಡ, ಅಲ್ಲಿಂದ ಹೊರಗೆ ತಂದರೆ ಸಾಕು. ಅಭಿನಯ ಮಾಡಿಸುವಾಗ ಕಾಟ ಕೊಡುವವನ ಪಾತ್ರವನ್ನು ಯಾವ ಮಗುವಿಗೂ ಕೊಡಬೇಡಿ, ಅನುಭವಿಸುವವರ ಪಾತ್ರವನ್ನಂತೂ ಕೊಡಲೇಬೇಡಿ. ಎರಡಕ್ಕೂ ಕಾಲುಚೀಲದ ಗೊಂಬೆ ಸಾಕು. ಮಕ್ಕಳು ಮಾಡಬೇಕಾದದ್ದು ನೋಡುವವರ ಪಾತ್ರ ಮಾತ್ರ. ಚೆನ್ನಾಗಿ ಅಭಿನಯಿಸಿದ 'ವಿಲನ್'ಗೆ ಕ್ಲಾಸು ಚಪ್ಪಾಳೆ ಹೊಡೆಯುವುದನ್ನು ಒಮ್ಮೆ ನೋಡಿದವರು ಆಮೇಲೆ ಆ ಪಾತ್ರ ಹಂಚುವುದಿಲ್ಲ.

ಚಾಡಿಯ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಶಾಲೆಗಳಲ್ಲಿ ಚಾಡಿಕೋರ ಎನಿಸಿಕೊಳ್ಳುವುದಕ್ಕಿಂತ ದೊಡ್ಡ ಅವಮಾನವಿಲ್ಲ. ಒಬ್ಬರನ್ನು ಸಿಕ್ಕಿಸಲು ಹೇಳಿದರೆ ಚಾಡಿ, ಒಬ್ಬರನ್ನು ಬಿಡಿಸಲು ಹೇಳಿದರೆ ಚಾಡಿಯಲ್ಲ ಎಂದರೆ ಆರು ವರ್ಷದವರಿಗೂ ತಿಳಿಯುತ್ತದೆ. ಆದರೆ ಹಾಗೆ ಹೇಳಿಕೊಡುವ ಮೊದಲು, ಮಗು ಬಂದು ಹೇಳಿದಾಗ 'ನೀನೇ ಏನೋ ಮಾಡಿರ್ತೀಯ' ಎನ್ನುವ ಅಭ್ಯಾಸ ಸ್ಟಾಫ್ ರೂಮಿನಲ್ಲೂ ಅಡುಗೆಮನೆಯಲ್ಲೂ ನಿಲ್ಲಬೇಕು. ಏಟು, ಬೆದರಿಕೆ, ದುಡ್ಡು ಕೀಳುವುದು, ಮೈಮುಟ್ಟುವುದು, ಇವೆಲ್ಲ ಕಥೆಪುಸ್ತಕದ ಕೈ ಮೀರಿದವು. ಅಲ್ಲಿ ದೊಡ್ಡವರೇ ಶಾಲೆಗೆ ಹೋಗಿ ಕೂರಬೇಕು, ಬೇಕಾದರೆ ಮಕ್ಕಳ ಸಹಾಯವಾಣಿ 1098 ಇದೆ.

ಕನ್ನಡದಲ್ಲಿ ಮುಕ್ತವಾಗಿ ಸಿಗುವ ಚಿತ್ರಕಥೆಗಳಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣವಿದೆ. ಮುಕ್ತ ಪರವಾನಗಿ ಇರುವುದರಿಂದ ಇಳಿಸಿಕೊಂಡು ಮುದ್ರಿಸಬಹುದು, ಅನುವಾದಿಸಲೂಬಹುದು. ಅನುವಾದ ಮಾಡುವವರಿಗೆ ಒಂದು ಎಚ್ಚರಿಕೆ: ಮೂಲದಲ್ಲಿರುವ ಅಡ್ಡಹೆಸರಿಗೆ ಪ್ರಾಸಬದ್ಧವಾದ, ಬಾಯಲ್ಲಿ ನಿಲ್ಲುವ ಕನ್ನಡ ಪದ ಹುಡುಕುವ ಚಪಲ ಹುಟ್ಟುತ್ತದೆ. ಸೋಡಾಬುಡ್ಡಿ, ಡುಮ್ಮ, ಕರಿಯ ಎಂದು ಬರೆದರೆ ಸಂಭಾಷಣೆಗೆ ಜೀವ ಬರುತ್ತದೆ ನಿಜ, ಆದರೆ ಪುಸ್ತಕ ಮುಚ್ಚಿದ ಮೇಲೂ ಆ ಪದ ಕ್ಲಾಸಿನಲ್ಲಿ ಓಡಾಡುತ್ತದೆ. 'ಏನೋ ಹೆಸರಿಟ್ಟು ಕೂಗಿದರು' ಎಂದು ಬಿಟ್ಟರೂ ಕಥೆ ನಡೆಯುತ್ತದೆ.

ಪುಸ್ತಕವೇ ಸಿಗದಿದ್ದರೆ ಮಾಡಿಕೊಳ್ಳಬಹುದು. ನಾಲ್ಕು ಎ4 ಹಾಳೆ ಒಟ್ಟಿಗೆ ಇಟ್ಟು ಅಡ್ಡಕ್ಕೆ ಮಡಿಸಿದರೆ ಹದಿನಾರು ಪುಟ. ಮಡಿಕೆಯ ಮೇಲೆ ಮೂರು ತೂತು ಮಾಡಿ, ದಬ್ಬಣಕ್ಕೆ ದಪ್ಪ ದಾರ ಪೋಣಿಸಿ, ನಡುವಿನ ತೂತಿನಿಂದ ಹೊಲಿಗೆ ಶುರುಮಾಡಿ ಅಲ್ಲೇ ಗಂಟು ಹಾಕಿ. ಮೊದಲ ಪುಟ ಹೊದಿಕೆ, ಕೊನೆಯದು ಬೆನ್ನು, ನಡುವೆ ಎದುರುಬದುರು ಪುಟಗಳ ಏಳು ಜೋಡಿ ಉಳಿಯುತ್ತವೆ. ಒಂದೊಂದು ಜೋಡಿಗೆ ಹದಿನೈದು ಪದ ದಾಟದಿರಲಿ. ಮೊದಲೆರಡು ಜೋಡಿಯಲ್ಲಿ ಮಗುವಿನ ಮಾಮೂಲಿ ದಿನ, ಅದರ ಇಷ್ಟ, ಅದರ ಬ್ಯಾಗು, ಅದು ಬರುವ ದಾರಿ. ಇದನ್ನು ಬಿಟ್ಟು ನೇರವಾಗಿ ಕಾಟಕ್ಕೆ ಹಾರಿದರೆ ಓದುವವರಿಗೆ ಅದು ಬರೀ 'ಪಾಪದ ಮಗು' ಆಗಿಬಿಡುತ್ತದೆ. ಮೂರು, ನಾಲ್ಕರಲ್ಲಿ ಕಾಟ. ಐದರಲ್ಲಿ ನೋಡುತ್ತಾ ನಿಂತವರು, ಪ್ರತಿಯೊಬ್ಬರಿಗೂ ಬೇರೆ ಬೇರೆ ಮುಖ ಇರಲಿ, ಒಬ್ಬ ನಗುತ್ತಿರಲಿ, ಒಬ್ಬಳು ನೆಲ ನೋಡುತ್ತಿರಲಿ. ಆರರಲ್ಲಿ ಅವರಲ್ಲೊಬ್ಬರು ಒಂದು ಹೆಜ್ಜೆ ಮುಂದಿಟ್ಟಿರಲಿ, ಹೆಜ್ಜೆ ಮಾತ್ರ, ಮಾತು ಬೇಡ.

ಏಳನೆಯ ಜೋಡಿ ಖಾಲಿ ಬಿಡಿ. ಮುಂದೇನಾಯಿತು ಎಂಬುದನ್ನು ಮಕ್ಕಳೇ ಚೀಟಿಗಳಲ್ಲಿ ಬರೆದು ಅಥವಾ ಚಿತ್ರಿಸಿ ಅಲ್ಲಿ ಅಂಟಿಸಲಿ, ಅಂಟು ಮೇಲ್ತುದಿಗೆ ಮಾತ್ರ, ಒಂದರ ಮೇಲೊಂದು ಎತ್ತಿ ನೋಡುವ ಹಾಗೆ. ಚೀಟಿಯ ಮೇಲೆ ಹೆಸರು ಬರೆಸಬೇಡಿ.